ಕೊನೆಗೆ ಹತ್ತುವ ಮಾಮು

ನಮ್ಮ ಮಾಮು ನೌಕಾಪಡೆಯಲ್ಲಿ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಹಿಂದೆ ಹೋಗುತ್ತಿದ್ದರು! ನಗಬೇಡಿ. ಹಾಗೆ ಹಿಂದೆ ಹಿಂದೆ ಹೋಗಿಯೇ ಅವರು ಅಡ್ಮಿರಲ್ ಆದದ್ದು.

ಮಾಮು ಎಂದರೆ ನನ್ನ ಅಮ್ಮಿಯ ಅಣ್ಣ. ಹುಟ್ಟಿದ್ದು ವಿಜಯಪುರದಲ್ಲಿ. ಸಮುದ್ರ ಹಾಗಿರಲಿ, ಬೇಸಿಗೆಯಲ್ಲಿ ನಲ್ಲಿಗೆ ನೀರು ಬಂದರೂ ಓಣಿಗೆಲ್ಲ ಸುದ್ದಿಯಾಗುತ್ತಿದ್ದ ಕಾಲ ಅದು. ಅಲ್ಲಿಂದ ಹೊರಟ ಹುಡುಗ ಹಡಗು ನಡೆಸಿದ್ದು ಹೇಗೆ ಎಂಬುದು ನಮ್ಮ ಖಾಂದಾನಿಗೆ ಇವತ್ತಿಗೂ ಅರ್ಥವಾಗಿಲ್ಲ. ನಿವೃತ್ತರಾದ ಮೇಲೆ ಅವರು ಆಮ್ಸ್ಟರ್‌ಡ್ಯಾಮಿನ ನಮ್ಮ ಮನೆಗೆ ಬಂದಾಗ, ಬಂದ ದಿನವೇ ಊಟದ ಟೇಬಲ್ಲಿನಲ್ಲಿ ನನಗೂ, ಅವರನ್ನು ‘ನಾನಾ’ ಅಂದರೆ ತಾತ ಎಂದು ಕರೆಯುವ ನನ್ನ ಮಗಳು ಸನಾಗೂ ಗುಟ್ಟು ಬಿಚ್ಚಿಟ್ಟರು.

ನೌಕಾಪಡೆಯಲ್ಲಿ ದೋಣಿ ಹತ್ತುವಾಗ ಕಿರಿಯ ಅಧಿಕಾರಿ ಮೊದಲು, ಹಿರಿಯ ಅಧಿಕಾರಿ ಕೊನೆಗೆ. ಇಳಿಯುವಾಗ ಉಲ್ಟಾ, ಹಿರಿಯರು ಮೊದಲು. ಸೇರಿದ ಹೊಸತರಲ್ಲಿ ಮಾಮು ಎಲ್ಲರಿಗಿಂತ ಮುಂಚೆ ಹತ್ತಿ, ದೋಣಿಯ ಮೂತಿಯ ಬಳಿ ಕುಳಿತು, ಎಲ್ಲರಿಗಿಂತ ಮುಂಚೆ ನೆನೆಯುತ್ತಿದ್ದರಂತೆ. ಲೆಫ್ಟಿನೆಂಟ್ ಆದಾಗ ಸಾಲಿನಲ್ಲಿ ಒಂದಿಷ್ಟು ಹಿಂದೆ. ಕಮಾಂಡರ್ ಆದಾಗ ಇನ್ನಷ್ಟು ಹಿಂದೆ. ಕ್ಯಾಪ್ಟನ್ ಆದರು, ಇನ್ನೂ ಹಿಂದೆ. ಕೊನೆಗೊಂದು ದಿನ ತಿರುಗಿ ನೋಡಿದರೆ ಬೆನ್ನ ಹಿಂದೆ ಯಾರೂ ಇಲ್ಲ! ನಾವೆಲ್ಲ ಕ್ಯೂನಲ್ಲಿ ಮುಂದೆ ನುಗ್ಗಲು ಒದ್ದಾಡುತ್ತೇವೆ. ಈ ಮನುಷ್ಯ ಆಯುಷ್ಯವೆಲ್ಲ ದುಡಿದು ಸಂಪಾದಿಸಿದ್ದು ಕ್ಯೂನ ಕಟ್ಟಕಡೆಯ ಜಾಗ. ಅದನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುತ್ತಾರೆಯೇ?

ಮರುದಿನ ಟ್ರಾಮ್ ಸ್ಟಾಪಿನಲ್ಲಿ ಉತ್ತರ ಸಿಕ್ಕಿತು. ನೇವಿ ಬ್ಲೂ ಬ್ಲೇಜರು, ಕನ್ನಡಿಯಂತೆ ಹೊಳೆಯುವ ಬೂಟು ತೊಟ್ಟ ಮಾಮು, ಟ್ರಾಮ್ ಬಂದೊಡನೆ ಬಾಗಿಲ ಪಕ್ಕ ನೆಟ್ಟಗೆ ನಿಂತರು.

"ಹತ್ರಿ, ಹತ್ರಿ. ನಾ ಹಿಂದಿಂದ ಬರ್ತೀನಿ."

ನಾನು ಹತ್ತಿದೆ, ಸನಾ ಹತ್ತಿದಳು. ಮಾಮುಗಿಂತ ಹಿರಿಯಳಾದ ಒಬ್ಬ ಡಚ್ ಅಜ್ಜಿ ಮಾತ್ರ "ನಾ ಯು, ಮೆನೀರ್," ನಿಮ್ಮ ನಂತರವೇ, ಸರ್, ಎಂದು ಪಟ್ಟು ಹಿಡಿದಳು. ಮಾಮು ತಲೆಬಾಗಿ ಕೈ ತೋರಿಸಿದರು. ಅಜ್ಜಿಯೂ ತಲೆಬಾಗಿ ಕೈ ತೋರಿಸಿದಳು. ಬಾಗಿಲು ಮುಚ್ಚಿಕೊಂಡಿತು. ಟ್ರಾಮ್ ಹೊರಟಾಗಲೂ ಇಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುತ್ತಲೇ ಇದ್ದರು!

ಹತ್ತಿದ ದಿನಗಳ ಕಥೆ ಇನ್ನೂ ಗೋಜಲು. ಕೊನೆಗೆ ಹತ್ತಿದವರು ಮೊದಲು ಇಳಿಯಬೇಕಲ್ಲ? ಪ್ರತಿ ಸ್ಟಾಪಿನಲ್ಲೂ ಮಾಮು ಟಿಕೆಟ್ ಕಾರ್ಡನ್ನು ಬಾಗಿಲ ಯಂತ್ರಕ್ಕೆ ಹಿಡಿದು ಟಿಂವ್ ಎನ್ನಿಸಿ ಎಲ್ಲರಿಗಿಂತ ಮುಂಚೆ ಇಳಿಯುವುದು, ಇಳಿಯುವವರನ್ನೆಲ್ಲ ಇಳಿಸಿ, ಹತ್ತುವವರನ್ನೆಲ್ಲ ಹತ್ತಿಸಿ, ಮತ್ತೆ ಟಿಂವ್ ಎನ್ನಿಸಿ ಹತ್ತುವುದು.

"ಮಾಮು, ನಮ್ಮ ಸ್ಟಾಪ್ ಇನ್ನೂ ಮುಂದ ಅದ! ನೀವ್ಯಾಕ ಇಳೀತೀರಿ?"

"ಅಲ್ಲ ಬೇಟಾ, ನನಗಿಂತ ಮೊದ್ಲ ಜೂನಿಯರ್ ಇಳದ್ರ ಹ್ಯಾಂಗ?"

"ಇವರ‍್ಯಾರೂ ನೇವಿಯವರಲ್ಲ!"

"ಅದಕ್ಕ ಎಲ್ಲಾರೂ ಜೂನಿಯರ್."

ಇದಕ್ಕೆ ಏನು ಹೇಳುತ್ತೀರಿ? ಕಂಡಕ್ಟರ್ ಒಮ್ಮೆ ನನ್ನ ಬಳಿ ಬಂದು, ಈ ಮೆನೀರ್ ನಮ್ಮ ಕಂಪನಿಯ ಇನ್‌ಸ್ಪೆಕ್ಟರೇ ಎಂದು ಪಿಸುಗುಟ್ಟಿದ. ಅಲ್ಲ ಎಂದೆ. ಅವನ ಗೊಂದಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಈ ನಡುವೆ ನಮ್ಮ ಮನೆಯಲ್ಲಿ ನಿಜವಾದ ಚಿಂತೆಯೊಂದಿತ್ತು. ಕಾಲುವೆಗಳ ಈ ದೇಶದಲ್ಲಿ ಮಕ್ಕಳು ಈಜು ಕಲಿತು ಡಿಪ್ಲೊಮಾ ಪಡೆಯಬೇಕು. ಅದೂ ಮೈಮೇಲೆ ಬಟ್ಟೆ, ಕಾಲಿಗೆ ಬೂಟು ತೊಟ್ಟು ಈಜಬೇಕು. ಕಾಲುವೆಗೆ ಬೀಳುವವರು ಬಟ್ಟೆ ಬದಲಿಸಿ ಬೀಳುವುದಿಲ್ಲವಲ್ಲ! ಸನಾ ಈಜುಡುಗೆಯಲ್ಲಿ ಮೀನು. ಬಟ್ಟೆ ಒದ್ದೆಯಾಗಿ ಭಾರವಾಗುತ್ತದೆ ಎಂದರೆ ಸಾಕು, ಕೊಳದ ಅಂಚಿನಲ್ಲೇ ಮರಗಟ್ಟುತ್ತಿದ್ದಳು. ಪರೀಕ್ಷೆಯಲ್ಲಿ ಒಮ್ಮೆ ಹಾಗೆ ನಿಂತು, ಎಲ್ಲರೆದುರು ಅತ್ತು ವಾಪಸು ಬಂದಿದ್ದಳು. ಕ್ಲಾಸಿನ ಗೆಳತಿಯ ಹುಟ್ಟುಹಬ್ಬ ದೋಣಿಯಲ್ಲಿ, ಡಿಪ್ಲೊಮಾ ಇದ್ದವರಿಗೆ ಮಾತ್ರ. ಮಗು ಆ ಮಾತೆತ್ತುವುದನ್ನೇ ಬಿಟ್ಟಿತ್ತು.

ಮರುಪರೀಕ್ಷೆಗೆ ಮುಂಚಿನ ಭಾನುವಾರ ಬಟ್ಟೆ ತೊಟ್ಟು ಅಭ್ಯಾಸ ಮಾಡುವ ದಿನ, ಮನೆಯವರೂ ನೀರಿಗಿಳಿಯಬಹುದಿತ್ತು. ಮಾಮುವೂ ಬಂದರು. ಎಂದಿನಂತೆ ಬ್ಲೇಜರು, ಬೂಟು. ಬೂಟಿನ ಅಟ್ಟೆಯನ್ನೂ ಉಜ್ಜಿ ತೊಳೆದಿದ್ದರಿಂದ ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಸನಾ ಅಂಚಿಗೆ ಹೋಗಿ ನಿಂತಳು. ಮಾಮು ಅಭ್ಯಾಸಬಲದಿಂದ ಅವಳ ಹಿಂದೆ ನಿಂತರು.

"ನೋ ನಾನಾ. ಯು ಫಸ್ಟ್."

"ಹಂಗಿಲ್ಲ ಬೇಟಾ. ಜೂನಿಯರ್ ಮೊದ್ಲ."

"ಐ ಕಾಂಟ್."

ಮಾಮು ಅವಳ ಕಡೆ ಬಾಗಿದರು.

"ಅಂಜಿಕಿ ಆಗ್ತದೇನು?"

ಅವಳು ತಲೆಯಾಡಿಸಿದಳು.

"ಮೊದಲ ಸಲ ದೋಣಿ ಹತ್ತುವಾಗ ನನಗೂ ಆಗಿತ್ತು. ಎಲ್ಲಾರೂ ಹಿಂದ ನಿಂತಿದ್ರು. ನೀ ಹಿಂದಿಂದ ಬಾರಪಾ ಅಂತ ಒಬ್ಬರೂ ಅನ್ನಲಿಲ್ಲ."

ಹೀಗೆಂದವರೇ ಅವಳನ್ನು ದಾಟಿ ಮುಂದೆ ಹೋಗಿ, ಬ್ಲೇಜರಿನ ಗುಂಡಿ ಹಾಕಿಕೊಂಡು, ಧಡಾರನೆ ನೀರಿಗೆ ಹಾರಿದರು! ಕಾವಲಿಗೆ ನಿಂತಿದ್ದ ಹುಡುಗಿ ಸೀಟಿ ಬಾಯಿಗಿಟ್ಟವಳು ಊದಲಿಲ್ಲ. ಇಡೀ ಕೊಳದಲ್ಲಿ ಇಷ್ಟು ನಿಯಮಬದ್ಧವಾಗಿ ಬಟ್ಟೆ ತೊಟ್ಟವರು ಬೇರೆ ಯಾರಿದ್ದರು? ಮಾಮು ಮೇಲೆ ಬಂದು, ಕೆಮ್ಮಿ, ಕೈ ಚಾಚಿದರು. ಸನಾ ಕಣ್ಣು ಮುಚ್ಚಿ ಹಾರಿದಳು. ಆ ತುದಿಯವರೆಗೂ ಇಬ್ಬರೂ ಜೊತೆಯಾಗಿ ಈಜಿದರು. ಏಣಿಯ ಬಳಿ ಮಾಮು ಪಕ್ಕಕ್ಕೆ ಸರಿದು, ಅವಳು ಮೇಲೆ ಹತ್ತುವವರೆಗೆ ನೀರಿನಲ್ಲೇ ನಿಂತರು. ಮೊದಲು ನೀರಿಗಿಳಿದು ಕೊನೆಗೆ ಹೊರಬಂದರು. ಆಯುಷ್ಯವೆಲ್ಲ ಕಾಪಾಡಿದ ನಿಯಮದ ಎರಡೂ ತುದಿ ಒಂದೇ ದಿನ ಮುರಿದರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ಮುಂದಿನ ವಾರ ಸನಾ ಪಾಸಾದಳು. ಡಿಪ್ಲೊಮಾ ಎದೆಗವಚಿಕೊಂಡು ಟ್ರಾಮ್ ಸ್ಟಾಪಿಗೆ ಬಂದೆವು. ಬಾಗಿಲು ತೆರೆಯಿತು. ಮಾಮು ಪಕ್ಕಕ್ಕೆ ನಿಂತು ಕೈ ತೋರಿಸಿದರು. ನಾನು ಹತ್ತಿದೆ. ಸನಾ ಮಾತ್ರ ಹತ್ತದೆ ಸುತ್ತಿ ಬಂದು ಮಾಮುವಿನ ಬೆನ್ನ ಹಿಂದೆ ನೆಟ್ಟಗೆ ನಿಂತಳು.

"ಇವತ್ತು ನಾನೇ ಸೀನಿಯರ್, ನಾನಾ. ಯು ಫಸ್ಟ್."

ಮಾಮು ಹಿಂದೆ ತಿರುಗಿ ಅವಳನ್ನು ನೋಡಿದರು. ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದರು. ಆಮೇಲೆ ಹೊಸದಾಗಿ ಸೇರಿದ ಹುಡುಗನ ಹಾಗೆ, ಲಗುಬಗೆಯಿಂದ ಅವಳಿಗಿಂತ ಮೊದಲು ಹತ್ತಿದರು.