ಒಣ ಹುತ್ತದ ಅಣಬೆ

ಮಳೆ ಬೀಳದ ನೆಲದಲ್ಲೂ ಅಣಬೆ ಏಳುತ್ತದೆ ಎಂದು ವಿಜ್ಞಾನದ ಮೇಷ್ಟ್ರು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು. ಬೀದಿಯವರು ಅಷ್ಟೇ ವರ್ಷ ನಗುತ್ತಾ ಬಂದಿದ್ದರು. ಇವತ್ತು ಬೆಳಿಗ್ಗೆ ಶಾಲೆಯ ಹಿಂದಿನ ಒಣ ಹುತ್ತದ ನೆತ್ತಿಯ ಮೇಲೆ ಅದು ಸಿಕ್ಕೇಬಿಟ್ಟಿತು. ಉದ್ದನೆಯ ಕಾಲು, ಮಡಿಸಿದ ಕೊಡೆಯಂಥ ತಲೆ.

ಮೇಷ್ಟ್ರು ಪಟ್ಟಣದ ಕಾಲೇಜಿನಲ್ಲಿ ಅಣಬೆಗಳ ಮೇಲೆ ಸಂಶೋಧನೆ ಮಾಡುವ ಪ್ರೊಫೆಸರಿಗೆ ಫೋನು ಮಾಡಿದರು.

"ಸಂಜೆ ಬರ್ತೀನಿ. ಹೊಸ ಜಾತಿ ಆಗಿದ್ರೆ, ತಂದುಕೊಟ್ಟವರ ಹೆಸರನ್ನೇ ಇಡೋದು ನಮ್ಮ ಪದ್ಧತಿ," ಎಂದರು ಅವರು.

ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣಬೆಯನ್ನು ಅಡುಗೆಮನೆಯ ಕಪಾಟಿನ ಮೇಲಿಟ್ಟು, ಎದುರುಮನೆಯ ಟೈಲರಿಗೂ, ನಾಳೆ ಊರಿಗೆ ಹೊರಡಲಿದ್ದ ಮಾವನವರಿಗೂ ಪಾಠ ಶುರುಮಾಡಿದರು. "ಇದರ ಹೊಟ್ಟೆ ತುಂಬ ಕಪ್ಪು ಪುಡಿ. ಕೆಲವು ಕಡೆ ಜನ ಇದನ್ನ ನರೆಗೂದಲಿಗೆ ಹಚ್ಕೋತಾರೆ."

"ಹೌದಾ?" ಎಂದು ಮಾವ ಬೆಳ್ಳನೆಯ ಮೀಸೆ ನೀವಿಕೊಂಡರು.

"ನಿಮ್ಮಂಥ ಮೀಸೆಗೆ ಒಪ್ಪುತ್ತೆ ಬಿಡಿ," ಎಂದು ಟೈಲರ್ ಉರಿಯುವ ಬೆಂಕಿಗೆ ತುಪ್ಪ ಸುರಿದ.

ಶಾಲೆ ಬಿಟ್ಟು ಬಂದು ನೋಡಿದರೆ ಕಪಾಟಿನ ಮೇಲೆ ಅಣಬೆಯ ಬರೀ ಕಡ್ಡಿ. ಹಜಾರದಲ್ಲಿ ಮಾವ ಕಾಡಿಗೆಯಂಥ ಮೀಸೆ ಹೊತ್ತು ಕೂತಿದ್ದರು.

"ದೊಡ್ಡವರು ಬರ್ತಾರೆ ಅಂದ್ರಲ್ಲ. ಅಳಿಯನ ಮರ್ಯಾದೆ ನಾನು ನೋಡ್ಬೇಡ್ವಾ?"

ಮೇಷ್ಟ್ರಿಗೆ ಅಳು ಬಂತು. ಮಾವನಿಗೆ ಸೀನು ಬಂತು.

"ತಡೀರಿ ಮಾವ, ಸೀನ್ಬೇಡಿ." ಮೇಷ್ಟ್ರು ತಟ್ಟೆ ತಂದು ಮೀಸೆಯ ಕೆಳಗೆ ಹಿಡಿದರು. ಟೈಲರ್ ಓಡಿಬಂದು ಮೂಗು ಹಿಡಿದ. ಹೆಂಡತಿ ಫ್ಯಾನು ಆರಿಸಿದಳು. ಕಿಟಕಿಯಲ್ಲಿ ಅರ್ಧ ಬೀದಿ ಇಣುಕುತ್ತಿತ್ತು. ಪ್ರೊಫೆಸರು ಒಳಗೆ ಬಂದದ್ದು ಆಗಲೇ.

"ಅಣಬೆ ಎಲ್ಲಿ?"

ಮೇಷ್ಟ್ರು ಎದೆಗುಂದಲಿಲ್ಲ. "ಕಡ್ಡಿ ಇಲ್ಲಿದೆ ಸಾರ್. ಮಿಕ್ಕಿದ್ದು ನಮ್ಮ ಮಾವನವರ ಮುಖದ ಮೇಲಿದೆ."

ಪ್ರೊಫೆಸರು ಬ್ರಷ್ಷು ತೆಗೆದು ಮೀಸೆಯ ಬಲಭಾಗವನ್ನು ತಟ್ಟೆಗೆ ಗುಡಿಸಿದರು. ಆ ಪುಡಿಯನ್ನು ಪುಟ್ಟ ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿ ತಲೆಯೆತ್ತಿದರು. "ಇಂಥದ್ದನ್ನ ನಾನು ಕಂಡೇ ಇಲ್ಲ. ಹೊಸ ಜಾತಿನೇ."

ಕಿಟಕಿಯಲ್ಲಿ ಚಪ್ಪಾಳೆ ಬಿತ್ತು. ಮೇಷ್ಟ್ರು ಕಾಲರ್ ಸರಿಮಾಡಿಕೊಂಡು ತಮ್ಮ ಪೂರ್ತಿ ಹೆಸರು ಹೇಳಲು ಬಾಯಿ ತೆರೆದರು.

"ನಿಮ್ಮದಲ್ಲ ಮೇಷ್ಟ್ರೇ," ಎಂದು ಪ್ರೊಫೆಸರು ಮಾವನ ಕಡೆ ತಿರುಗಿದರು. "ನನಗೆ ಪುಡಿ ಕೊಟ್ಟವರು ಇವರು. ಯಜಮಾನರೇ, ನಿಮ್ಮ ಹೆಸರು?"

ಮಾವ ಹೆಸರಿನ ಜೊತೆಗೆ ತಂದೆಯ ಹೆಸರನ್ನೂ ತಾತನ ಹೆಸರನ್ನೂ ಬರೆಸಿದರು.

ಪ್ರೊಫೆಸರು ಹೋದ ಮೇಲೆ ಮಾವ ಕನ್ನಡಿ ನೋಡಿಕೊಂಡು ಕರೆದರು. "ಅಳಿಯಂದ್ರೇ, ಬೆಳಿಗ್ಗೆ ಹುತ್ತದ ಕಡೆ ಹೋಗ್ಬನ್ನಿ. ಬಲಗಡೆ ಮೀಸೆ ಮತ್ತೆ ಬೆಳ್ಳಗಾಯ್ತು. ಇನ್ನೊಂದು ಸಿಗೋವರೆಗೂ ನಾನು ಇಲ್ಲೇ ಇರ್ತೀನಿ."