ಒಂದು ದಿನದ ಅಪ್ಪಯ್ಯ, ಒಂದು ಬುಟ್ಟಿ ಬಂಗುಡೆ

ಪುಣೆಯಲ್ಲಿ ಹದಿನೆಂಟು ಜನ ಕೆಲಸದವರಿರುವ ಹೋಟೆಲನ್ನು ಬರೀ ಕಣ್ಸನ್ನೆಯಲ್ಲಿ ನಡೆಸುವ ಗಂಡಸು ನಾನು! ಭಾನುವಾರ ಬೆಳಿಗ್ಗೆ ನೂರು ಜನ ಒಟ್ಟಿಗೆ ನುಗ್ಗಿ ಮಸಾಲೆ ದೋಸೆ ಕೇಳಿದರೂ ನನ್ನ ಹಣೆಯಲ್ಲಿ ಒಂದು ಹನಿ ಬೆವರು ಕಾಣದು. ಇಂಥ ರಾಜೀವನಿಗೆ ಎಂಟು ವರ್ಷದ ಒಂದು ಮಗುವನ್ನು, ಅದೂ ಸ್ವಂತ ಮಗಳನ್ನು, ಒಂದು ದಿನ ಸಂಭಾಳಿಸಲು ಬರುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ?

ನನ್ನ ಹೆಂಡತಿ ಕುಸುಮಾವತಿ ನಂಬುತ್ತಾಳೆ.

ನಾನು ಎರಡು ತಿಂಗಳಿಗೊಮ್ಮೆ ಹಾಲಾಡಿಯ ಮನೆಗೆ ಬಂದು ಮೂರು ದಿನ ಇದ್ದು ಹೋಗುವವನು. ಈ ಸಲ ಬಂದವನೇ, “ದಸರಾ ರಜೆಗೆ ಅನಿಷಾ ನನ್ನ ಜೊತೆ ಪುಣೆಗೆ. ಹದಿನೈದು ದಿನ, ಅಪ್ಪ-ಮಗಳು ಇಬ್ಬರೇ!” ಎಂದು ಘೋಷಿಸಿದೆ. ಮೀನಿನ ಗಸಿ ತಿರುಗಿಸುತ್ತಿದ್ದ ಕುಸುಮಳ ಸೌಟು ಅಲ್ಲೇ ನಿಂತಿತು.

“ಹ್ವಾಯ್, ಹೋದ್ ಸಲ ಕುಂದಾಪ್ರದ್ ಬಟ್ಟಿ ಅಂಗ್ಡೀಲ್ ಹೆಣ್ಣನ್ನ ಬಿಟ್ಟ್ ಬಂದದ್ದ್ ಯಾರ್?”

“ಬಿಟ್ಟ್ ಬರ್ಲಿಲ್ಲೆ ಮಾರಾಯ್ತಿ! ಕಾರ್ ತಿರ್ಗ್ಸುಕೆ ಹೋದದ್ದ್!”

“ಕೋಟೇಶ್ವರದ್ ತನ್ಕ ತಿರ್ಗ್ಸುಕೆ ಹೋದ್ರ್ಯಾ?”

ಹಳೆಯ ಕಡತ ಬಿಚ್ಚುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕೊನೆಗೆ ಅವಳೇ ಪರೀಕ್ಷೆ ಗೊತ್ತುಮಾಡಿದಳು. “ನಾಳೆ ಬೆಳಿಗ್ಗೆಯಿಂದ ಸಂಜಿ ತನ್ಕ ಹೆಣ್ಣನ್ನ ಕರ್ಕಂಡ್ ಹೋಯ್ನಿ. ನಂಗೆ ನಿಮ್ದ್ ಒಂದೇ ಒಂದ್ ಫೋನ್ ಬಪ್ಪುಕಾಗ. ‘ಹೆಣ್ಣ್ ಮರ್ಕತ್ತ್, ಅಳು ನಿಲ್ಸುದಿಲ್ಲೆ, ಎಂತ ಮಾಡುದ್’ ಅಂತ ಕೇಂಬುಕಾಗ. ಫೋನ್ ಬಂತೋ, ಪುಣೆ ಕ್ಯಾನ್ಸಲ್.”

“ಫೋನಾ? ನಾನಾ? ನಿಂಗಾ?” ಎಂದು ನಕ್ಕು, ಅವಳ ಕಣ್ಣೆದುರಿಗೇ ಮೊಬೈಲಿನ ಸದ್ದು ಬಂದ್ ಮಾಡಿ ಬರೀ ನಡುಗುವ ಹಾಗೆ ಇಟ್ಟೆ. ಇಡೀ ದಿನ ಹೋಟೆಲಿನ ಕರೆಯೂ ಬೇಡ, ಲೋಕದ ಕರೆಯೂ ಬೇಡ. ಭೀಷ್ಮ ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆ ಸುರಿಯಿತಂತೆ. ನನ್ನ ಪ್ರತಿಜ್ಞೆಗೆ ಅಡುಗೆಮನೆಯಿಂದ, ನೋಡೋಣ ಎನ್ನುವ ಒಂದು “ಕಾಂಬ” ಮಾತ್ರ ಬಂತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬೀಜಾಡಿ ಕಡಲ ತೀರದಲ್ಲಿದ್ದೆವು. ಮಳೆಗಾಲ ಮುಗಿದು ಕಡಲು ಸಮಾಧಾನಕ್ಕೆ ಬಂದಿತ್ತು. ಗಾಳಿಮರದ ನೆರಳು, ಮಗುಚಿಟ್ಟ ಎರಡು ದೋಣಿ, ಮಲಗಿದ ಒಂದು ನಾಯಿ. ಅಪ್ಪ-ಮಗಳು ಹಾಯಾಗಿ ಕಳೆಯಲು ಇದಕ್ಕಿಂತ ಜಾಗ ಬೇಕೆ?

ಆದರೆ ಮಗಳು ಮಾತೇ ಆಡುತ್ತಿರಲಿಲ್ಲ. “ಐಸ್ ಕ್ರೀಮ್ ಬೇಕಾ ಮಗಾ?” “ಬ್ಯಾಡ.” “ನೀರಿಗ್ ಇಳಿವನಾ?” “ಬ್ಯಾಡ.” “ಮರಳಂಗೆ ಮನೆ ಕಟ್ಟುವನಾ?” “ಹೂಂ” ಎಂದವಳು ಕಟ್ಟಲಿಲ್ಲ. ದಿನಾ ರಾತ್ರಿ ಫೋನಿನಲ್ಲಿ ಅರ್ಧ ಗಂಟೆ ಹರಟುವ ಹುಡುಗಿ, ಎದುರಿಗೆ ಕೂತರೆ ಪರವೂರಿನ ನೆಂಟರನ್ನು ಕಂಡವಳ ಹಾಗೆ ಫ್ರಾಕಿನ ಅಂಚು ತಿರುಪುತ್ತಿದ್ದಳು. ಸುಳ್ಳೇಕೆ ಹೇಳಲಿ, ಹದಿನೆಂಟು ಜನರನ್ನು ಆಳುವವನಿಗೆ ಈ ಒಬ್ಬಳನ್ನು ಮಾತಾಡಿಸಲು ಬರಲಿಲ್ಲ.

ಅಷ್ಟರಲ್ಲಿ ಒಂದಷ್ಟು ದೂರದಲ್ಲಿ ಗಂಡಸರು ಹೆಂಗಸರು ಎರಡು ಸಾಲಾಗಿ ನಿಂತು ಹಗ್ಗ ಎಳೆಯುವುದು ಕಂಡಿತು. ಕೈರಂಪಣಿ! ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಬಲೆ ಬಿಟ್ಟು, ಅದರ ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯುವ ಮೀನುಗಾರಿಕೆ. ಅನಿಷಾ ಎದ್ದು ನಿಂತಳು.

“ಅಪ್ಪಯ್ಯ, ನಾನೂ ಎಳೂದಾ?”

ದಿನದ ಮೊದಲ ಪೂರ್ತಿ ವಾಕ್ಯ! ನಾನು ಅವಳನ್ನು ಹೆಚ್ಚುಕಮ್ಮಿ ಎತ್ತಿಕೊಂಡೇ ಓಡಿದೆ. ತಂಡದ ಹಿರಿಯ ಚಂದಯ್ಯ ತಲೆಗೆ ಬೈರಾಸು ಸುತ್ತಿಕೊಂಡು ಎಲ್ಲರ ಮುಂದೆ ನಿಂತಿದ್ದರು.

“ಬನಿ, ಬನಿ. ಹಗ್ಗಕ್ಕೆ ಕೈ ಹಾಕ್ದವ್ರಿಗೆಲ್ಲ ಮೀನಲ್ ಪಾಲ್ ಇತ್ತ್. ಮಕ್ಳಾದ್ರೂ ಸೈ, ಸಾವ್ಕಾರ್ರಾದ್ರೂ ಸೈ. ಆದ್ರೆ ಬಲಿ ದಡಕ್ಕ್ ಬಪ್ಪು ತನ್ಕ ಕೈ ಬಿಡುಕಿಲ್ಲೆ. ಬಿಟ್ರೆ ಪಾಲಿಲ್ಲೆ.”

“ಕೈ ಬಿಡುದಾ? ಹೋಟ್ಲಂಗೆ ಐವತ್ತ್ ಕೇಜಿ ಅಕ್ಕಿ ಮೂಟಿ ಎತ್ತಿದ್ ಕೈ ಇದ್!” ಎಂದೆ.

ನೀರಿಗಿಳಿಯುವ ಮೊದಲು ಜಾಣತನ ತೋರಿಸಿದೆ. ಕಾರಿನ ಕೀ, ಮೊಬೈಲು ಎರಡನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಸಾಂಬಾರು ಪಾರ್ಸಲ್ ಕಟ್ಟುವ ಹಾಗೆ ತಿರುಪಿ ಗಂಟು ಹಾಕಿದೆ. ಇಪ್ಪತ್ತು ವರ್ಷದ ಅನುಭವದ ಗಂಟು, ಒಂದು ಹನಿ ಒಳಗೆ ಹೋಗದು, ಹೊರಗೂ ಬಾರದು! ಇಡುವುದೆಲ್ಲಿ? ಪಕ್ಕದಲ್ಲೇ ಒಂದು ಖಾಲಿ ಹಸಿರು ಬುಟ್ಟಿ, ಅದರ ಅಡಿಗೆ ಹಾಸಿದ ಒಂದು ಗೋಣಿ ತುಂಡು. ಗೋಣಿಯ ಕೆಳಗೆ ತುರುಕಿಟ್ಟೆ. ಯಾವ ಬ್ಯಾಂಕಿನ ಲಾಕರಿಗೂ ಕಡಿಮೆಯಿಲ್ಲ.

ಮೀನು ಹಿಡಿಯುವ ಜಾಗದಲ್ಲಿ ಖಾಲಿ ಬುಟ್ಟಿ ಯಾಕಿರುತ್ತದೆ ಎಂದು ಯೋಚಿಸುವ ಬುದ್ಧಿ ದೋಸೆ ಮಾರುವವನಿಗೆ ಎಲ್ಲಿಂದ ಬರಬೇಕು?

ಎಳೆದೆವು. ಐಸಾ! ಹೈಸಾ! ಅನಿಷಾ ಜಲಜ ಎಂಬ ಹೆಂಗಸಿನ ಪಕ್ಕ ನಿಂತು, ನಾಲಗೆ ಕಚ್ಚಿಕೊಂಡು ಎಳೆಯುತ್ತಿದ್ದಳು. ಕಾಲು ಗಂಟೆಯಲ್ಲಿ ನನ್ನ ಅಂಗೈ ಹಪ್ಪಳದ ಹಾಗೆ ಉಬ್ಬಿತು. ಅಕ್ಕಿ ಮೂಟೆ ಎತ್ತಿದ್ದು ಹತ್ತು ವರ್ಷದ ಹಿಂದೆ ಎಂಬುದು ಆಗ ನೆನಪಾಯಿತು. ಆದರೆ ಸೋತೆ ಎನ್ನಲಾದೀತೇ? ಮೆಲ್ಲಗೆ ಹಗ್ಗ ಬಿಟ್ಟು, ಹಿಂದೆ ಕೈ ಕಟ್ಟಿಕೊಂಡು, ಮೇಲ್ವಿಚಾರಣೆಗೆ ಇಳಿದೆ.

“ಎಡ್ಗಡೆಯೋರ್ ಸ್ವಲ್ಪ ಫಾಸ್ಟ್! ಹಿಂದಿನೋರ್ ಸುಮ್ನೆ ನಿಂತದ್ದ್ ಎಂತಕ್ಕೆ?”

ಚಂದಯ್ಯ ತಿರುಗಿ ನೋಡಿದರು. “ಹ್ವಾಯ್, ಬಾಯಲ್ ಎಳ್ದ್ರೆ ಬಲಿ ಬತ್ತಿಲ್ಲೆ.”

ಇಡೀ ಸಾಲು ನಕ್ಕಿತು. ನನ್ನ ಮಗಳೂ ನಕ್ಕಳು, ಬಾಯಿ ತುಂಬ! ಆ ನಗುವಿಗೆ ಮರ್ಯಾದೆ ಹೋದರೂ ಲುಕ್ಸಾನು ಅನಿಸಲಿಲ್ಲ.

ಬಲೆ ದಡಕ್ಕೆ ಬಂತು. ಮರಳಿನ ಮೇಲೆ ಪುಟಪುಟ ಹಾರುವ ಬಂಗುಡೆ! ಚಂದಯ್ಯ ಒಬ್ಬೊಬ್ಬರಿಗೂ ಪಾಲು ಹಾಕಿದರು. ಅನಿಷಾಳ ಕೈಗೆ ಆರು ದಪ್ಪ ಬಂಗುಡೆ ಬಂತು. ನಾನೂ ಕೈ ಚಾಚಿದೆ. ಚಂದಯ್ಯ ನನ್ನ ಕೈಯನ್ನು ನೋಡಿ, “ಬೊಕ್ಕೆ ಎದ್ದಿತ್ತ್, ತೆಂಗಿನೆಣ್ಣಿ ಹಚ್ಚಿನಿ” ಎಂದರು. ಪಾಲು ಅಷ್ಟೇ.

ಗದ್ದಲ ಮುಗಿಯಿತು. ಬಲೆ ಮಡಚುತ್ತಿದ್ದ ಚಂದಯ್ಯನವರನ್ನು ಬಿಟ್ಟರೆ ತೀರ ಖಾಲಿಯಾಯಿತು. ಹೊಟ್ಟೆ ಚುರುಗುಟ್ಟಿ, ಊಟಕ್ಕೆ ಹೋಗೋಣವೆಂದು ಹೊರಟು ಕಿಸೆಗೆ ಕೈ ಹಾಕಿದೆ. ಕೀ ಇಲ್ಲ, ಮೊಬೈಲೂ ಇಲ್ಲ!

“ಚಂದಯ್ಯಣ್ಣ! ಇಲ್ಲೊಂದ್ ಹಸ್ರ್ ಬುಟ್ಟಿ ಇದ್ದಿತ್ತಲೆ?”

“ಜಲಜಂದಾ? ಅದ್ ಮೀನ್ ತುಂಬ್ಸ್ಕಂಡ್ ಟೆಂಪೋ ಹತ್ತ್ಕಂಡ್ ಹ್ವಾಯ್ತ್.”

“ಎಲ್ಲಿಗೆ?”

“ಮಾರುಕೆ. ಹಾಲಾಡಿಗೆ.”

ಹಾಲಾಡಿಗೆ! ಊರಲ್ಲಿ ಇಷ್ಟೊಂದು ಪೇಟೆಗಳಿರುವಾಗ, ನನ್ನ ಮೊಬೈಲು ನನ್ನನ್ನು ಬಿಟ್ಟು ನನ್ನ ಊರಿಗೇ ಹೊರಟಿತ್ತು. ಜಲಜಳ ಫೋನ್ ನಂಬರ್ ಕೇಳಿದರೆ, ಅದು ಅವಳ ಮನೆಯಲ್ಲಿ ಚಾರ್ಜಿಗೆ ಇಟ್ಟಿದೆಯಂತೆ. ಪರ್ಸು, ನೀರು, ಮಗಳ ಬಿಸ್ಕತ್ತು ಎಲ್ಲ ಬೀಗ ಹಾಕಿದ ಕಾರಿನೊಳಗೆ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದವು. ಕಾರಿನ ಇನ್ನೊಂದು ಕೀ ಇರುವುದು ಮನೆಯಲ್ಲಿ, ಕುಸುಮಳ ಕಪಾಟಿನಲ್ಲಿ.

ಮಾನ ಹೋದರೆ ಹೋಗಲಿ, ಮಗಳು ಹಸಿದಿದ್ದಾಳೆ. ಚಂದಯ್ಯನವರ ಫೋನ್ ಇಸಿದುಕೊಂಡೆ. ಒಂಬತ್ತು... ಒಂಬತ್ತರ ಮುಂದೆ? ಹನ್ನೊಂದು ವರ್ಷ ಸಂಸಾರ ಮಾಡಿದ ಹೆಂಡತಿಯ ನಂಬರ್ ನನಗೆ ಗೊತ್ತಿಲ್ಲ! ಮೊಬೈಲಿನಲ್ಲಿ ‘ಮನೆ’ ಎಂದು ಒತ್ತುವುದು ಮಾತ್ರ ಗೊತ್ತು.

“ಮಗಾ, ಅಮ್ಮನ್ ನಂಬ್ರ ಗೊತ್ತಿತ್ತಾ?”

“ಗೊತ್ತಿತ್ತ್. ಶಾಲಿಲಿ ಬಾಯ್ಪಾಠ ಮಾಡ್ಸಿರ್.”

“ಅಬ್ಬ! ಹೇಳ್.”

“ಹೇಳುದಿಲ್ಲೆ.”

“ಎಂತಕ್ಕೆ?”

ಅವಳು ಆರು ಬಂಗುಡೆಯನ್ನು ಎದೆಗೆ ಒತ್ತಿಕೊಂಡಳು. “ಫೋನ್ ಮಾಡ್ರೆ ನೀವ್ ಸೋತ್ರಿ. ಮತ್ತೆ ಅಮ್ಮ ನನ್ನ ಪುಣೆಗೆ ಕಳ್ಸುದಿಲ್ಲೆ. ನಂಗೆ ನಿಮ್ಮೊಟ್ಟಿಗ್ ಹೋಯ್ಕ್.”

ನಾನು ಮರಳಿನ ಮೇಲೆ ಕೂತುಬಿಟ್ಟೆ. ಬೆಳಗಿನಿಂದ ‘ಬ್ಯಾಡ, ಬ್ಯಾಡ’ ಎಂದ ಹುಡುಗಿ! ಬರಲು ಮನಸ್ಸಿಲ್ಲದೆ ಸುಮ್ಮನಿದ್ದಾಳೆಂದು ನಾನು ತಿಳಿದಿದ್ದರೆ, ಅಮ್ಮನ ಷರತ್ತು ಕೇಳಿಸಿಕೊಂಡಿದ್ದ ಇವಳು, ಅಪ್ಪ ಎಲ್ಲಿ ಸೋತುಬಿಡುತ್ತಾನೋ ಎಂದು ಏನೂ ಕೇಳದೆ, ಏನೂ ಬೇಡದೆ ಉಸಿರು ಬಿಗಿಹಿಡಿದು ಕೂತಿದ್ದಳು. ಕಣ್ಣು ಒದ್ದೆಯಾಯಿತು. ಉಪ್ಪು ಗಾಳಿ ಎಂದು ಚಂದಯ್ಯನವರಿಗೆ ಹೇಳಿದೆ. ಅವರು ನಂಬಿದ ಹಾಗೆ ಮಾಡಿದರು.

“ಅಪ್ಪಯ್ಯ, ನಿಮ್ಮ್ ಮೊಬೈಲಿಗೇ ಫೋನ್ ಮಾಡ್ರೆ? ಜಲಜಕ್ಕ ಎತ್ತುತ್ರಲೆ? ಅದ್ ಅಮ್ಮಂಗ್ ಮಾಡ್ದ ಹಂಗ್ ಆತಿಲ್ಲೆ.”

ಎಂಟು ವರ್ಷದ ತಲೆ! ನನ್ನ ನಂಬರ್ ನನಗೆ ಗೊತ್ತಿತ್ತು, ಹೋಟೆಲಿನ ಬೋರ್ಡಿನ ಮೇಲೆ ದಿನಾ ನೋಡುತ್ತೇನೆ. ಒತ್ತಿದೆ. ರಿಂಗಾಯಿತು. ಯಾರೂ ಎತ್ತಲಿಲ್ಲ. ಹೇಗೆ ಎತ್ತುತ್ತಾರೆ? ಸದ್ದು ಬಂದ್ ಮಾಡಿದ ಭೀಷ್ಮ ನಾನೇ ಅಲ್ಲವೇ! ಬಿಡದೆ ಮತ್ತೆ ಮತ್ತೆ ಮಾಡಿದೆ. ಅಷ್ಟರಲ್ಲಿ ಚಂದಯ್ಯನವರ ಮನೆಯವರು ಪಕ್ಕದಲ್ಲೇ ಇದ್ದ ತಮ್ಮ ಮನೆಗೆ ಕರೆದು ಗಂಜಿ ಬಡಿಸಿ, ಅನಿಷಾಳ ಪಾಲಿನ ಬಂಗುಡೆಯನ್ನೇ ಹುರಿದು ಕೊಟ್ಟರು. “ಅಪ್ಪಯ್ಯಂಗೂ ಕೊಡಿ, ಪಾಪ” ಎಂದು ಮಗಳು ಶಿಫಾರಸು ಮಾಡಿದ್ದರಿಂದ ನನಗೂ ಎರಡು ಸಿಕ್ಕಿತು.

ಗಂಜಿ ಉಂಡು ಕೈ ತೊಳೆದು ಇನ್ನೊಮ್ಮೆ ಒತ್ತಿದೆ. ಎತ್ತಿದರು!

“ಹಲೋ! ಜಲಜಕ್ಕ! ಆ ಮೊಬೈಲ್ ನಂದ್! ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡಿ, ದಮ್ಮಯ್ಯ!”



“ಹೇಳುದಿಲ್ಲೆ” ಎಂದಿತು ಕುಸುಮಾವತಿಯ ಧ್ವನಿ.

ನಡೆದದ್ದು ಇಷ್ಟು. ಜಲಜ ಹಾಲಾಡಿಯಲ್ಲಿ ಬುಟ್ಟಿ ಇಳಿಸಿದ್ದೇ ತಡ, ಬಂಗುಡೆಗಳು ಗುರ್ರ್ ಎಂದು ನಡುಗಿದವು. “ಜೀವ ಇತ್ತ್ ಕಾಣಿ!” ಎಂದು ಜನ ಮುತ್ತಿದರು. ನಾನು ಫೋನ್ ಮಾಡಿದಷ್ಟು ಸಲ ಮೀನು ನಡುಗಿತು, ನಡುಗಿದಷ್ಟು ಸಲ ಖಾಲಿಯಾಯಿತು. ಕೊನೆಯ ಪಾಲು ಕೊಂಡವಳು ನನ್ನ ಹೆಂಡತಿ. ಅಡಿಯ ಗೋಣಿ ಎತ್ತಿದರೆ ಒಂದು ಪಾರ್ಸಲ್! ಆ ಗಂಟನ್ನು ಕಂಡ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತಂತೆ. ಅಂಥ ಗಂಟು ಹಾಕುವವನು ಇಡೀ ತಾಲೂಕಿನಲ್ಲಿ ಒಬ್ಬನೇ.

ಮೂರೂವರೆಗೆ ಅದೇ ಮೀನಿನ ಟೆಂಪೋದಿಂದ ಕುಸುಮಾ ಇಳಿದಳು, ಕೈಯಲ್ಲಿ ಕೀ. ಹಿಂದೆ ನಗುತ್ತ ಜಲಜ. “ಹ್ವಾಯ್, ನಾಳೆಯೂ ಬುಟ್ಟಿಗ್ ಮೊಬೈಲ್ ಹಾಕಿ ಕೊಡ್ತ್ರ್ಯಾ? ಒಳ್ಳೆ ಯಾಪಾರ!”

“ಸೋತ್ರಿ” ಎಂದಳು ಕುಸುಮಾ.

“ನಾನ್ ಫೋನ್ ಮಾಡದ್ದ್ ನನ್ನ್ ನಂಬ್ರಕ್ಕೆ! ನಿಂಗಲ್ಲ!” ಎಂದು ಕೋರ್ಟಿನ ವಾದ ಹೂಡಿದೆ.

“ಎತ್ತಿದ್ದ್ ಯಾರ್?”

ವಾದ ಅಲ್ಲಿಗೆ ಮುಗಿಯಿತು. ಪುಣೆ ಕ್ಯಾನ್ಸಲ್. ಕುಸುಮಾ ಮಗಳ ತಲೆ ಸವರಿ, “ಬಾ ಮಗಾ, ಮನಿಗ್ ಹೋಪ” ಎಂದಳು. ಅನಿಷಾ ಕದಲಲಿಲ್ಲ.

“ಅಮ್ಮ, ನಾನ್ ಪುಣೆಗ್ ಹೋಯ್ಕ್.”

“ಅಪ್ಪಯ್ಯ ಸೋತ್ರಲೆ ಮಗಾ?”

“ಅದ್ಕೇ ಹೋಯ್ಕ್” ಎಂದಳು ಮಗಳು, ತೀರಾ ಗಂಭೀರವಾಗಿ. “ಕೀ ಕಳ್ಕಂತ್ರ್, ಮೊಬೈಲ್ ಕಳ್ಕಂತ್ರ್, ನಿನ್ನ್ ನಂಬ್ರವೂ ಗೊತ್ತಿಲ್ಲೆ. ಹಗ್ಗವೂ ಕೈ ಬಿಡ್ತ್ರ್. ಅವ್ರನ್ನ ಒಬ್ರೇ ಬಿಡುಕಾತಿಲ್ಲೆ ಅಮ್ಮ.”

ಜಲಜ, ಚಂದಯ್ಯ ಇಬ್ಬರೂ ಕಡಲ ಕಡೆ ಮುಖ ತಿರುಗಿಸಿ ನಿಂತರು. ಅವರ ಬೆನ್ನು ಕುಲುಕುತ್ತಿತ್ತು. ಕುಸುಮಾ ಕಾರಿನ ಕೀಯನ್ನು ನನ್ನ ಚಾಚಿದ ಕೈಗೆ ಕೊಡದೆ, ಮಗಳ ಪುಟ್ಟ ಕೈಗೆ ಹಾಕಿ ಮುಷ್ಟಿ ಮುಚ್ಚಿಸಿದಳು.

“ಆಯ್ತ್ ಮಗಾ. ದಸ್ರಿ ರಜಿಗೆ ಅಪ್ಪಯ್ಯನ್ ಪುಣೆಗ್ ಕರ್ಕಂಡ್ ಹೋಗ್. ಅಂಗ್ಡೀಲ್ ಮಾತ್ರ ಬಿಟ್ಟ್ ಬರ್ಬೇಡ.”