ಕಟ್ಟಿಗೆ ಮೂಸುವ ಕಾಕಾ

ನಮ್ಮ ಕಾಕಾ ನಿಮ್ಮ ಮನೆಗೆ ಬರುತ್ತಾರೆಂದರೆ ದಯವಿಟ್ಟು ಚಹಾಕ್ಕೆ ಇಡುವ ಅವಸರ ಮಾಡಬೇಡಿ. ಅವರು ಒಳಗೆ ಬರಲು ಹೊತ್ತು ಹಿಡಿಯುತ್ತದೆ! ಮೊದಲು ನಿಮ್ಮ ಬಾಗಿಲಿನ ಚೌಕಟ್ಟನ್ನು ಬೆರಳಿನ ಗೆಣ್ಣಿನಿಂದ ಕುಟ್ಟಬೇಕು. ಆಮೇಲೆ ಮೂಗು ಹಚ್ಚಿ ಮೂಸಬೇಕು. ನೀವು "ಬರ್ರಿ, ಕುಂದರ್ರಿ" ಎಂದು ಕುರ್ಚಿ ಎಳೆದಿರೋ, ಇನ್ನೂ ತಡ. ಅದನ್ನು ಬೋರಲು ಹಾಕಿ ಹೊಟ್ಟೆಯ ಭಾಗ ಪರೀಕ್ಷಿಸದೆ ಅವರು ಕೂರುವವರಲ್ಲ.

ಇವರು ನನ್ನ ಅಪ್ಪನ ತಮ್ಮ. ಮದುವೆಯಾಗಲಿಲ್ಲ. ಟಿಳಕವಾಡಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಒಂದು ಖೋಲಿ ಮಾಡಿಕೊಂಡಿದ್ದಾರೆ. ಊಟ ಮಾತ್ರ ನಮ್ಮಲ್ಲಿ. ಮೂವತ್ತೈದು ವರ್ಷ ಒಂದು ಕಟ್ಟಿಗೆ ವಖಾರಿಯಲ್ಲಿ ಗುಮಾಸ್ತರಾಗಿದ್ದು, ಬಂದ ದಿಮ್ಮಿ, ಹೋದ ಹಲಗೆಗಳ ಉದ್ದಗಲ ಬರೆದಿಟ್ಟವರು. ಅವರು ನಿವೃತ್ತರಾದರು, ಅವರ ಮೂಗು ಆಗಲಿಲ್ಲ.

ನನ್ನ ತಮ್ಮನಿಗೆ ಹೆಣ್ಣು ನೋಡಲು ಹೋದ ದಿನ ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ. ನಾವೆಲ್ಲ ಹುಡುಗಿಯನ್ನು ನೋಡುತ್ತಿದ್ದೇವೆ, ಕಾಕಾ ಕಾಣಿಸುತ್ತಿಲ್ಲ! ಅವಲಕ್ಕಿ ಇಟ್ಟಿದ್ದ ಟೀಪಾಯಿಯ ಕೆಳಗಿನಿಂದ ದನಿ ಬಂತು. "ಇದು ಸಾಗವಾನಿ ಅಲ್ರೀ! ಅಕೇಶಿಯಾಕ್ಕ ಬಣ್ಣಾ ಹೊಡದು ನಿಮಗ ಟೊಪ್ಪಿಗಿ ಹಾಕ್ಯಾರ!" ಹುಡುಗಿಯ ಅಪ್ಪನ ಮುಖ ಇಳಿದುಹೋಯಿತು. ಹುಡುಗಿ ಮಾತ್ರ ಬಾಯಿಗೆ ಸೆರಗು ಹಿಡಿದರೂ ತಡೆಯಲಾರದೆ ಬಿದ್ದು ಬಿದ್ದು ನಕ್ಕಳು. ಆ ನಗುವಿಗೇ ನನ್ನ ತಮ್ಮ ಒಪ್ಪಿಬಿಟ್ಟ. ಮದುವೆಯಲ್ಲಿ ಬೀಗರು ಕಾಕಾನಿಗೆಂದೇ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿಟ್ಟಿದ್ದರು. "ಇದರ ಮ್ಯಾಲೆ ಕುಂದರ್ರಿ. ಇದನ್ನ ಎಷ್ಟ ಮೂಸಿದ್ರೂ ನಮಗ ಅಂಜಿಕಿಲ್ಲ" ಎಂದರು.

ಇಂಥ ಕಾಕಾನ ಕೈಗೆ ನಾನಾಗಿಯೇ ಹೋಗಿ ಸಿಕ್ಕಿಬಿದ್ದದ್ದು ಅವ್ವನ ಕಾರಣಕ್ಕೆ.

ಎರಡು ವರ್ಷದ ಹಿಂದೆ ಅವ್ವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ನೆಲದ ಮೇಲೆ ಕೂರಬಾರದು, ಬಹಳ ಹೊತ್ತು ನಿಲ್ಲಬಾರದು ಎಂದರು ಡಾಕ್ಟರು. ಜೀವಮಾನವೆಲ್ಲ ಕೂತು ರೊಟ್ಟಿ ಬಡಿದ ಅವ್ವ ಇನ್ನೇನು ಮಾಡಬೇಕು? ಪ್ಲಾಸ್ಟಿಕ್ ಸ್ಟೂಲು ಜಾರಿತು. ಸ್ಟೀಲಿನದು ಎತ್ತರವೇನೋ ಇತ್ತು, ಆದರೆ ಅಂಗೈಯಗಲ! "ಇದರ ಮ್ಯಾಲೆ ಗಿಳಿ ಕುಂದರ್‍ಬೇಕು, ನಾ ಅಲ್ಲ" ಎಂದು ಅವ್ವ ಇಳಿದುಬಿಟ್ಟಳು. ಮನೆಗೆ ಅಂಗಡಿಯ ರೊಟ್ಟಿ ಬರತೊಡಗಿತು. ಅವ್ವ ಮಂಚದ ಮೇಲೆ ಕೂತು, ಅಡುಗೆಮನೆಯ ಕಡೆಗೆ ನೋಡುತ್ತ, ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದಳು. ಅದು ನನಗೆ ಭಯ ಹುಟ್ಟಿಸಿತು. ಒಲೆಕಟ್ಟೆಯ ಎತ್ತರಕ್ಕೆ ಹೊಂದುವ, ಕಾಲಿಡಲು ಕೆಳಗೊಂದು ಪಟ್ಟಿಯಿರುವ, ಅಗಲವಾದ ಗಟ್ಟಿ ಬೆಂಚನ್ನು ನಾನೇ ಮಾಡುತ್ತೇನೆಂದು ಹೊರಟೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅಳತೆ ಗೊತ್ತಿದ್ದರೆ ಸಾಕು, ಉಳಿದದ್ದು ಮೊಬೈಲಿನ ವಿಡಿಯೋ ನೋಡಿ ಬರುತ್ತದೆ ಎಂಬ ಧೈರ್ಯ!

ಅಗ್ಗದ ಹಲಗೆ ಕಂಡಲ್ಲೇ ಕೊಂಡೆ. ಹಿತ್ತಲಲ್ಲಿ ಎಂಟು ದಿನ ಬಿಸಿಲಿಗಿಟ್ಟೆ. ಒಂಬತ್ತನೆಯ ದಿನ ಅದು ತಿರುಚಿಕೊಂಡು ಮಲಗಿತ್ತು. ಕಾಕಾ ಬಂದು ಒಂದು ಕಣ್ಣು ಮುಚ್ಚಿ ಅದರ ಅಂಚಿನುದ್ದಕ್ಕೂ ನೋಡಿದರು.

"ಯವ್ವಾ, ಇದು ಹಲಗಿ ಅಲ್ಲ, ಜಿಲೇಬಿ. ಪಾಕದಾಗ ಹಾಕು."

"ಅಗ್ಗ ಸಿಕ್ಕಿತ್ತು ಕಾಕಾ..."

"ಹಸಿ ಕಟಗಿ ತಂದೀ. ಅರ್ಧಾ ರೊಕ್ಕಾ ನೀರಿಗೇ ಕೊಟ್ಟು ಬಂದೀ ನೋಡು. ಬೆಂಚ್ ಯಾರಿಗೆ?"

"ಅವ್ವನಿಗೆ. ರೊಟ್ಟಿ ಬಡೀಲಿಕ್ಕೆ."

ಕಾಕಾ ಹಲಗೆಯನ್ನು ಗೋಡೆಗೆ ಒರಗಿಸಿ ಹೊರಟುಹೋದರು. ಮರುದಿನ ಭಾನುವಾರ, ಬೆಳಿಗ್ಗೆ ಏಳಕ್ಕೇ ಛತ್ರಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. "ನಡಿ, ಹೋಗೂಣು."

ಅಂದಿನಿಂದ ನನ್ನ ಭಾನುವಾರಗಳು ಮುಗಿದವು. ಮೊದಲು ಊರಿನ ವಖಾರಿಗಳು. ಸಾಗವಾನಿಯ ದರ ಕೇಳಿ ನಾನೇ ಕುಸಿದು ಒಂದು ದಿಮ್ಮಿಯ ಮೇಲೆ ಕೂತೆ. "ಏಳು, ಅದರ ಮ್ಯಾಲೆ ಕುಂತರೂ ಬಿಲ್ ಮಾಡ್ತಾರ" ಎಂದರು ಕಾಕಾ. ಅವರಿಗೋ ವಖಾರಿ ಎಂದರೆ ತವರುಮನೆ! ಪ್ರತಿ ಹಲಗೆ ಎತ್ತಿಸುವರು, ಉಗುರಿನಿಂದ ಕೆರೆಯುವರು, ಒಮ್ಮೊಮ್ಮೆ ನಾಲಿಗೆಯನ್ನೂ ತಾಗಿಸುವರು. ಒಬ್ಬ ಮಾಲಕರು ತಡೆಯಲಾರದೆ, "ಏನ್ರಿ, ಉಪ್ಪಿನಕಾಯಿ ತರಸ್ಲೇನು?" ಎಂದು ಕೇಳಿಯೇಬಿಟ್ಟರು. ಕಾಕಾನ ಉತ್ತರ: "ನಿಮ್ಮ ಕಟಗಿನ ಹುಳಿ ಐತ್ರಿ, ಬ್ಯಾಡ."

ಕಲಿಯಲಿಕ್ಕೆಂದು, ಉದ್ಯಮಬಾಗದ ಕಾರ್ಖಾನೆಗಳಿಗೆ ಯಂತ್ರಗಳು ಬಂದಿದ್ದ ಪೆಟ್ಟಿಗೆಗಳ ಪೈನ್ ಪಟ್ಟಿಗಳನ್ನು ಕೊಡಿಸಿದರು. ಬಲು ಸೋವಿ. ಒಣಗಿದ್ದು, ಹಗುರ, ಕೆಡಿಸಿದರೂ ಹೊಟ್ಟೆ ಉರಿಯುವುದಿಲ್ಲ. ಮೊಳೆ ಕೀಳುವುದು, ಗಂಟು ಎಲ್ಲಿದೆಯೆಂದು ನೋಡುವುದು, ನಾರು ಯಾವ ಕಡೆಗೆ ಹರಿದಿದೆಯೋ ಆ ಕಡೆಗೇ ಉಜ್ಜುಗೊರಡು ಓಡಿಸುವುದು, ಎಲ್ಲ ಅದರ ಮೇಲೆಯೇ ಕಲಿತೆ. ಮೊದಲ ಬೆಂಚು ನಾಲ್ಕು ಕಾಲಲ್ಲಿ ಮೂರನ್ನಷ್ಟೇ ನೆಲಕ್ಕೆ ಊರಿತು. ಗಣಿತದ ಟೀಚರಿಗೆ ಇದಕ್ಕಿಂತ ಮರ್ಯಾದೆ ಬೇಕೆ? ಈಗ ಅದರ ಮೇಲೆ ನಮ್ಮ ಬೆಕ್ಕು ತೂಗಿಸಿಕೊಂಡು ಮಲಗುತ್ತದೆ.

ಹಳೆಯ ಬಾಗಿಲು ಚೌಕಟ್ಟು ಮಾರುವವರೊಬ್ಬರು ಹಿಂಡಲಗಾದ ಹತ್ತಿರ ಇದ್ದಾರೆಂದು ತಿಳಿದು ಒಂದು ವಾರ ಅಲ್ಲಿಗೆ ಹೊರಟೆವು. ಹಿಂಡಲಗಾ ಎಂದರೆ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಜೈಲು. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಣ್ಣುಮಗಳು ನಮ್ಮ ಬಾಡಿದ ಮುಖ ನೋಡಿ ಮೆಲ್ಲಗೆ ಕೇಳಿದಳು. "ಒಳಗ ಇದ್ದು ಭಾಳ ವರ್ಷ ಆತೇನ್ರಿ?"

"ಐವತ್ತ ವರ್ಷರೆ ಆಗಿರಬೇಕ್ರಿ" ಎಂದರು ಕಾಕಾ, ಬಾಗಿಲಿನ ಧ್ಯಾನದಲ್ಲೇ.

"ಅಯ್ಯ ಶಿವನ! ಬಿಡ್ತಾರಂತೇನು?"

"ದರಾ ಹೊಂದಿದ್ರ ಇವತ್ತ ಬಿಡ್ತಾರ."

ಆಕೆ ಎದ್ದು ಹಿಂದಿನ ಸೀಟಿಗೆ ಹೋದಳು. ಹಿಂಡಲಗಾದಲ್ಲಿ ಸಿಕ್ಕ ಚೌಕಟ್ಟುಗಳೋ ಗೆದ್ದಲು ತಿಂದವು. ಕಾಕಾ ಒಂದನ್ನು ಕುಟ್ಟಿದರೆ ಬೆರಳು ಒಳಗೇ ಹೋಯಿತು!

ಹೀಗೆ ನಾಲ್ಕು ತಿಂಗಳು. ನನಗೆ ಸಾಕಾಗಿತ್ತು. "ಒಂದು ಬೆಂಚಿಗೆ ಇಷ್ಟೇಕೆ ಕಾಕಾ? ಪ್ಲೈವುಡ್ ತಂದುಬಿಡುತ್ತೇನೆ" ಎಂದು ರೇಗಿದೆ. ಅವರು ರೇಗಲಿಲ್ಲ. "ವೈನಿ ಕುಂದ್ರೂದೈತೆವ್ವಾ. ಇನ್ನೊಂದ ವಾರ ತಡಿ" ಎಂದರು. ಅತ್ತಿಗೆಯನ್ನು ಅವರು ಕರೆಯುವುದೇ ವೈನಿ ಎಂದು.

ಆ ಇನ್ನೊಂದು ವಾರದಲ್ಲಿ ಖಾನಾಪುರದ ಪರಿಚಯದವರೊಬ್ಬರಿಂದ ಸುದ್ದಿ ಬಂತು. ಗುಂಜಿಯಲ್ಲಿ ಎಲ್ಲರೂ ಆಯಿ ಎನ್ನುವ ಒಬ್ಬ ಮರಾಠಿ ಅಜ್ಜಿಯ ಹಿತ್ತಲಿನ ಹಲಸಿನ ಮರ ಮೂರು ವರ್ಷದ ಹಿಂದೆ ಗಾಳಿಗೆ ಬಿದ್ದಿತ್ತಂತೆ. ಕೊಯ್ಯಿಸಿ ಇಟ್ಟಿದ್ದಾರಂತೆ. ರೈಲು ಹತ್ತಿ ಹೋದೆವು. ಆಯಿಯ ಕೊಟ್ಟಿಗೆಯಲ್ಲಿ ಹಲಗೆಗಳು ಒಂದರ ಮೇಲೊಂದು, ನಡುನಡುವೆ ಗಾಳಿಯಾಡಲು ಕಡ್ಡಿ ಇಟ್ಟು, ಅಚ್ಚುಕಟ್ಟಾಗಿ ಮಲಗಿದ್ದವು. ಕಾಕಾ ಮೊದಲ ಹಲಗೆಯ ಧೂಳು ಒರೆಸಿದರು. ಅರಿಸಿನದ ಬಣ್ಣ! ಕುಟ್ಟಿದರು, ಮೂಸಿದರು, ಅಂಚಿನುದ್ದಕ್ಕೂ ನೋಡಿದರು. ಮೊದಲ ಬಾರಿಗೆ ಒಂದು ಕೊಂಕನ್ನೂ ಆಡಲಿಲ್ಲ.

ಆಯಿ ಮರಾಠಿ ಬೆರೆಸಿ ನನ್ನನ್ನೇ ಕೇಳಿದರು. "ಕಾಯ್ ಮಾಡ್ತೀ ಬಾಳ, ಇದರದ? ವ್ಯಾಪಾರದವ್ರು ಬಂದ್ರು, ಉರುವಲ ದರಾ ಕೇಳಿದ್ರು. ನಾ ಕೊಡ್ಲಿಲ್ಲ. ನಮ್ಮ ಮಕ್ಳು ಇದರ ಹಣ್ಣ ತಿಂದ ದೊಡ್ಡಾಗ್ಯಾರ."

ಅವ್ವನ ಮೊಣಕಾಲಿನ ಕತೆ ಹೇಳಿದೆ. ಆಯಿ ಕೇಳುತ್ತ ಕೇಳುತ್ತ ತಮ್ಮ ಮೊಣಕಾಲನ್ನೇ ನೀವಿಕೊಂಡರು. ಆಮೇಲೆ ಅವರು ಹೇಳಿದ ದರ ಎಷ್ಟು ಕಡಿಮೆಯೆಂದರೆ, ಎಲ್ಲಿ ಹೋದರೂ ಚೌಕಾಸಿ ಮಾಡುವ ಕಾಕಾ ನೇರ ಕಿಸೆಗೆ ಕೈ ಹಾಕಿದರು. "ಒಂದ ಹಲಗಿ ಜಾಸ್ತಿ ಒಯ್ಯಿ" ಎಂದರು ಆಯಿ. "ಅದಕ್ಕ ರೊಕ್ಕಾ ಬ್ಯಾಡ. ನಿಮ್ಮ ಅವ್ವಂದು ಆದಮ್ಯಾಲೆ ನನಗೂ ಒಂದ ಹಂಗ ಮಾಡಿಕೊಡು."

ನಾನು ಅದುವರೆಗೆ ನೆಟ್ಟಗೆ ನಿಲ್ಲುವ ಒಂದು ವಸ್ತುವನ್ನೂ ಮಾಡಿರಲಿಲ್ಲ! ಆದರೂ ಆ ಮುದುಕಿ ನನ್ನನ್ನು ನಂಬಿ ತಮ್ಮ ಮರವನ್ನು ಕೊಟ್ಟರು. ಬೇಕಾದ ಕಾಗದಪತ್ರವನ್ನು ಕಾಕಾ ಗುಮಾಸ್ತರ ಶಿಸ್ತಿನಲ್ಲಿ ಮಾಡಿಸಿದರು. ಟೆಂಪೋದಲ್ಲಿ ಹಲಗೆಗಳ ಪಕ್ಕದಲ್ಲೇ ಕೂತು, ಖಾನಾಪುರದ ಪ್ರತಿ ಗುಂಡಿಗೂ "ಹಗೂರ, ಹಗೂರ!" ಎಂದು ಡ್ರೈವರನ ತಲೆ ತಿನ್ನುತ್ತ ಬಂದರು.

ಬೆಂಚು ಮುಗಿಯಲು ಒಂದು ತಿಂಗಳು ಹಿಡಿಯಿತು. ಕಾಕಾ ದಿನಾ ಸಂಜೆ ಹಿತ್ತಲಿಗೆ ಬಂದು, ಕೈ ಹಿಂದೆ ಕಟ್ಟಿಕೊಂಡು ನಿಂತು, "ಇನ್ನೊಂದ ಕೂದಲೆಳಿ ತಗಿ" ಎಂದು ಅಪ್ಪಣೆ ಕೊಡುತ್ತಿದ್ದರು. ಮುಗಿದ ದಿನ ಅವ್ವ ಅದರ ಮೇಲೆ ಕೂತಳು. ಅತ್ತಿತ್ತ ಸರಿದು ನೋಡಿದಳು. "ಹಿಟ್ಟಿನ ಡಬ್ಬಿ ತಗೊಂಡ ಬಾ" ಎಂದಳು, ಅಷ್ಟೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಪಟಪಟ ರೊಟ್ಟಿ ಬಡಿಯುವ ಸದ್ದು, ಅದರ ಬೆನ್ನಿಗೇ, ಅಂಗಡಿಯ ರೊಟ್ಟಿ ಎಷ್ಟು ಕೆಟ್ಟದಾಗಿತ್ತೆಂದು ಇಷ್ಟು ತಿಂಗಳಿಂದ ಕೂಡಿಟ್ಟಿದ್ದ ಭಾಷಣ! ಅವ್ವ ಅಷ್ಟು ಬಯ್ದದ್ದನ್ನು ಕೇಳಿ ನಾನು ಎಂದೂ ಅಷ್ಟು ಸಂತೋಷಪಟ್ಟಿರಲಿಲ್ಲ.

ಮರುವಾರ ಆಯಿಯ ಬೆಂಚಿನ ಹಲಗೆಯನ್ನು ನಯ ಮಾಡುತ್ತಿದ್ದೆ. ಕಾಕಾ ಎಂದಿನಂತೆ ನಿಂತಿದ್ದರು. ಅಪ್ಪಣೆ ಮಾತ್ರ ಬರಲಿಲ್ಲ. ತಿರುಗಿ ನೋಡಿದರೆ ಅವರ ಕಣ್ಣು ನನ್ನ ಕೈಯಲ್ಲಿದ್ದ ಉಜ್ಜುಗೊರಡಿನ ಮೇಲಿತ್ತು.

"ಯವ್ವಾ" ಎಂದರು, ಸಾಲಿ ಹುಡುಗನಂತೆ. "ನನಗೂ ಒಮ್ಮಿ ಕಲಿಸ್ತೀಯೇನು?"

"ನಿಮಗೆ? ನಾನು?"

"ಮೂವತ್ತೈದ ವರ್ಷ ಮಂದಿ ಕಟಗೀದು ಅಳತಿ ಬರದೆ. ಕುಂದ್ರೂ ಮಣಿ ಸೈತ ಒಂದ ಮಾಡ್ಲಿಲ್ಲ. ಗುಮಾಸ್ತನ ಕೈಯಾಗ ಯಾರ ಕೊಡ್ತಾರ ಇದನ್ನ? ನನಗೂ ಕೇಳಾಕ ನಾಚಿಕಿ ಆತು. ಹಂಗ ವಯಸ್ಸಾತು."

ಉಜ್ಜುಗೊರಡನ್ನು ಅವರ ಕೈಗೆ ಕೊಟ್ಟು, ಅವರ ಕೈ ಮೇಲೆ ನನ್ನ ಕೈ ಇಟ್ಟೆ. ಎರಡು ಸಲ ತಡವರಿಸಿತು. ಮೂರನೆಯ ಸಲ ಹಲಗೆಯ ಉದ್ದಕ್ಕೂ ಹರಿದು, ತೆಳ್ಳಗಿನ ಹಳದಿ ಸುರುಳಿಯೊಂದು ಬಿಚ್ಚಿಕೊಂಡು ಅವರ ಪಾದದ ಮೇಲೆ ಬಿತ್ತು. ಕಾಕಾ ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಾಗಿದರು. ಈ ಬಾರಿ ನಾನು ಕೈ ತೆಗೆದೆ.

ಒಳಗಿನಿಂದ ಅವ್ವ ಮೈದುನನನ್ನು ಕೂಗಿದಳು. "ತಮ್ಮಾ, ಬಿಸಿ ರೊಟ್ಟಿ ಆರತಾವು, ಊಟಕ್ಕ ಬಾ!"

ಕಾಕಾ ತಲೆ ಎತ್ತಲಿಲ್ಲ.

"ಒಂದ ಗಳಿಗಿ ತಡೀರಿ ವೈನಿ" ಎಂದರು. "ನಾ ಕೆಲಸದಾಗ ಅದೀನಿ."